ಚುನಾವಣಾ ಸಭೆಯಲ್ಲಿ ಎದುರು ದನಿ: 127ನೇ ಕಲಮಿನ ಹಿಂದಿನ ಕಥೆ

ಚುನಾವಣಾ ಸಭೆಯಲ್ಲಿ ನಾಯಕರು ಮಾತನಾಡುತ್ತಿರುವಾಗ ಜನರ ನಡುವಿನಿಂದ ಒಬ್ಬರು ಎದ್ದು ‘ಕಳೆದ ಸಲ ಕೊಟ್ಟ ಮಾತು ಏನಾಯಿತು’ ಎಂದು ಗಟ್ಟಿಯಾಗಿ ಕೇಳಿದರೆ ಅದು ಅಪರಾಧವೇ? ಈ ವಿಷಯದಲ್ಲಿ ನಮ್ಮ ಕಾನೂನು ಬಹಳ ಜನ ಊಹಿಸಿಕೊಂಡಿರುವುದಕ್ಕಿಂತ ಉದಾರವಾಗಿದೆ. 1951ರ ಜನಪ್ರತಿನಿಧಿ ಕಾಯ್ದೆಯ 127ನೇ ಕಲಮಿನಂತೆ, ಸಭೆ ಯಾವ ಕೆಲಸಕ್ಕಾಗಿ ಸೇರಿದೆಯೋ ಆ ಕೆಲಸವನ್ನು ತಡೆಯುವ ಉದ್ದೇಶದಿಂದ ಅಶಿಸ್ತಾಗಿ ವರ್ತಿಸುವುದು, ಇಲ್ಲವೇ ಹಾಗೆ ವರ್ತಿಸುವಂತೆ ಇತರರನ್ನು ಪ್ರಚೋದಿಸುವುದು ಅಪರಾಧ. ಅದಕ್ಕೆ 6 ತಿಂಗಳವರೆಗಿನ ಸೆರೆವಾಸ, 2,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಚುನಾವಣಾ ಅಧಿಸೂಚನೆಯ ದಿನದಿಂದ ಮತದಾನದ ದಿನದವರೆಗೆ ಕ್ಷೇತ್ರದಲ್ಲಿ ನಡೆಯುವ ರಾಜಕೀಯ ಸಭೆಗಳಿಗಷ್ಟೇ ಇದು ಅನ್ವಯಿಸುತ್ತದೆ. ಭಾಷಣಕಾರರಿಗೆ ಮುಜುಗರವಾಯಿತು ಎಂಬುದನ್ನು ಈ ಕಲಮು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈ ಕಲಮಿನ ಮಾತುಗಳು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದವು. 1905ರ ಅಕ್ಟೋಬರ್ 13ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಲಿಬರಲ್ ಪಕ್ಷದ ಸಭೆ ನಡೆದಿತ್ತು. ಸರ್ ಎಡ್ವರ್ಡ್ ಗ್ರೇ ವೇದಿಕೆಯ ಮೇಲಿದ್ದರು. ಹತ್ತಿ ಗಿರಣಿಯಲ್ಲಿ ದುಡಿದಿದ್ದ ಆ್ಯನಿ ಕೆನ್ನಿ ಎದ್ದು ನಿಂತು, ಲಿಬರಲ್ ಸರ್ಕಾರ ಬಂದರೆ ಹೆಂಗಸರಿಗೆ ಮತದಾನದ ಹಕ್ಕು ಕೊಡುತ್ತದೆಯೇ ಎಂದು ಕೇಳಿದರು. ಉತ್ತರ ಬರಲಿಲ್ಲ. ಜೊತೆಗಿದ್ದ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಕೂಡ ಪಟ್ಟು ಬಿಡದಿದ್ದಾಗ ಇಬ್ಬರನ್ನೂ ಸಭಾಂಗಣದಿಂದ ಹೊರಹಾಕಲಾಯಿತು. ಪೊಲೀಸನ ಮೇಲೆ ಉಗುಳಿದ ಆರೋಪವೂ ಕ್ರಿಸ್ಟಬೆಲ್ ಮೇಲೆ ಬಂತು. ದಂಡ ಕಟ್ಟಲೊಪ್ಪದೆ ಇಬ್ಬರೂ ಜೈಲಿಗೆ ಹೋದರು. ಅಲ್ಲಿನ ರಾಜಕೀಯ ಸಭೆಗಳಲ್ಲಿ ಗಂಡಸರು ನಡುವೆ ಬಾಯಿ ಹಾಕುವುದು, ಛೇಡಿಸುವುದು ಮಾಮೂಲಾಗಿತ್ತು, ಎಷ್ಟೋ ವೇಳೆ ಸಭೆಯ ರಂಜನೆಯ ಭಾಗವೂ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಹೆಂಗಸರು ಅದನ್ನೇ ಮಾಡತೊಡಗಿದ ಮೇಲಷ್ಟೇ ಸಂಸತ್ತಿಗೆ ಅದು ಸಹಿಸಲಾಗದ್ದಾಗಿ ಕಂಡಿತು. 1908ರ ಡಿಸೆಂಬರ್ ಆರಂಭದಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮಂತ್ರಿ ಲಾಯ್ಡ್ ಜಾರ್ಜ್ ಅವರ ಭಾಷಣಕ್ಕೆ ಮಹಿಳಾ ಹೋರಾಟಗಾರ್ತಿಯರು ಮತ್ತೆ ಮತ್ತೆ ತಡೆಯೊಡ್ಡಿದರು. ಅದೇ ತಿಂಗಳು ಸಾರ್ವಜನಿಕ ಸಭೆಗಳ ಕಾಯ್ದೆ ಜಾರಿಗೆ ಬಂತು. ಮೇಲೆ ಹೇಳಿದ ‘ಸಭೆ ಸೇರಿದ ಕೆಲಸವನ್ನು ತಡೆಯುವ ಉದ್ದೇಶದಿಂದ’ ಎಂಬ ಮಾತಿನ ಮೂಲ ಅಲ್ಲಿದೆ.

ಅದಕ್ಕೆ ಎರಡನೆಯ ಪದರ ಸೇರಿಕೊಂಡದ್ದು ತದ್ವಿರುದ್ಧ ಕಾರಣದಿಂದ. 1934ರ ಜೂನ್ 7ರಂದು ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯ ದೊಡ್ಡ ಸಭೆ ನಡೆಯಿತು. ಯಾರಾದರೂ ಎದುರು ಕೂಗಿದೊಡನೆ ಮೋಸ್ಲಿ ಭಾಷಣ ನಿಲ್ಲಿಸುತ್ತಿದ್ದರು. ಪ್ರಖರ ದೀಪದ ಬೆಳಕು ಕೂಗಿದವರ ಮೇಲೆ ಬೀಳುತ್ತಿತ್ತು. ಕಪ್ಪಂಗಿ ತೊಟ್ಟ ಸ್ವಯಂಸೇವಕರು ಅವರನ್ನು ಎಲ್ಲರೆದುರೇ ಹೊಡೆದು ಹೊರಗೆಳೆದೊಯ್ಯುತ್ತಿದ್ದರು. ಸಭೆಯ ಶಿಸ್ತನ್ನು ಸಂಘಟಕರ ತೋಳ್ಬಲಕ್ಕೆ ಬಿಟ್ಟರೆ ಏನಾದೀತೆಂಬುದನ್ನು ಆ ರಾತ್ರಿ ಕಣ್ಣಿಗೆ ಕಟ್ಟುವಂತೆ ತೋರಿಸಿತು. 1936ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ಸಮವಸ್ತ್ರಧಾರಿ ರಾಜಕೀಯ ಪಡೆಗಳನ್ನು ನಿಷೇಧಿಸಿತು. ಅದರ ಜೊತೆಗೆ, ಸಭಾಧ್ಯಕ್ಷರು ಕೋರಿದರೆ ಗದ್ದಲ ಎಬ್ಬಿಸಿದವರ ಹೆಸರು, ವಿಳಾಸವನ್ನು ಪೊಲೀಸರು ಕೇಳಬಹುದು, ಹೇಳಲೊಪ್ಪದಿದ್ದರೆ ಬಂಧಿಸಬಹುದು ಎಂಬ ಅಂಶವನ್ನೂ ತಂದಿತು. ನಮ್ಮ 127ನೇ ಕಲಮಿನಲ್ಲಿ ಇದೂ ಹಾಗೆಯೇ ಇದೆ. ಆದರೆ 1989ರ ತಿದ್ದುಪಡಿ ಈ ಅಪರಾಧವನ್ನು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವೆಂದು ಘೋಷಿಸಿದ ಮೇಲೆ, ಸಭಾಧ್ಯಕ್ಷರ ಕೋರಿಕೆಗಾಗಿ ಪೊಲೀಸರು ಕಾಯಬೇಕಾದ ಅಗತ್ಯ ಬಹುಪಾಲು ಹೊರಟುಹೋಯಿತು.

ಇಂಗ್ಲೆಂಡಿನಲ್ಲಿ ಸಭೆಯನ್ನು ಕಾಪಾಡುವ ಚರ್ಚೆ ನಡೆಯುತ್ತಿದ್ದ ಕಾಲದಲ್ಲೇ ಬ್ರಿಟಿಷರು ಭಾರತದಲ್ಲಿ ಸಭೆಗಳನ್ನೇ ಅಡಗಿಸುತ್ತಿದ್ದರು. 1907ರ ರಾಜದ್ರೋಹಿ ಸಭೆಗಳ ತಡೆ ಕಾಯ್ದೆ ಇದಕ್ಕೆ ಸಾಕ್ಷಿ. ಮೈಸೂರು ಸಂಸ್ಥಾನದ ನೆನಪು ಇನ್ನೂ ಕಹಿಯಾದದ್ದು: 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಈ ಅನುಭವದ ಹಿನ್ನೆಲೆಯಲ್ಲಿಯೇ ಸಂವಿಧಾನದ 19ನೇ ವಿಧಿಯು ಮಾತಿನ ಹಕ್ಕಿನ ಜೊತೆಗೆ, ಶಾಂತಿಯುತವಾಗಿ ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನೂ ಕೊಟ್ಟು, ಎರಡಕ್ಕೂ ನಿರ್ಬಂಧ ಹೇರುವ ಅಧಿಕಾರವನ್ನು ಪ್ರಭುತ್ವಕ್ಕೆ ಉಳಿಸಿತು.

ಆ ನಿರ್ಬಂಧದ ಅಳತೆಯನ್ನು ನ್ಯಾಯಾಲಯಗಳು ಒಂದೊಂದಾಗಿ ಗೊತ್ತುಮಾಡುತ್ತ ಬಂದಿವೆ. ಶಾಂತಿಯುತ ಪ್ರದರ್ಶನವೂ ಅಭಿಪ್ರಾಯವನ್ನು ವ್ಯಕ್ತಪಡಿಸುವ ಒಂದು ಬಗೆಯೇ ಎಂದು ಸುಪ್ರೀಂ ಕೋರ್ಟ್ 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿತು. 1972ರಲ್ಲಿ ಅಹಮದಾಬಾದಿನ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ, ಬೀದಿಯಲ್ಲಿ ಸಭೆ ನಡೆಸುವುದನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಅನುಮತಿ ಕೊಡುವುದನ್ನೂ ಬಿಡುವುದನ್ನೂ ಯಾವ ಮಾನದಂಡವೂ ಇಲ್ಲದೆ ಪೊಲೀಸ್ ಅಧಿಕಾರಿಯ ಮರ್ಜಿಗೆ ಒಪ್ಪಿಸುವಂತಿಲ್ಲ ಎಂದಿತು. ಈ ತೀರ್ಪುಗಳು ಸಭೆ ನಡೆಸುವವರಿಗೂ ಪ್ರತಿಭಟಿಸುವವರಿಗೂ ಸಮನಾಗಿ ಸಲ್ಲುತ್ತವೆ. ಒಬ್ಬರ ಸಭೆಯೊಳಗೆ ಇನ್ನೊಬ್ಬರ ಹಕ್ಕು ಎಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಅವು ನೇರವಾಗಿ ಬಿಡಿಸಿಲ್ಲ.

ಚುನಾವಣೆಯ ಮಾದರಿ ನೀತಿ ಸಂಹಿತೆ ಈ ಜಾಗದಲ್ಲಿ ಕಾನೂನಿಗಿಂತ ಒಂದು ಹೆಜ್ಜೆ ಮುಂದಿದೆ. ಒಂದು ಪಕ್ಷದ ಕಾರ್ಯಕರ್ತರಾಗಲಿ ಬೆಂಬಲಿಗರಾಗಲಿ ಇನ್ನೊಂದು ಪಕ್ಷದ ಸಭೆಯಲ್ಲಿ ಬಾಯಿಮಾತಿನ ಅಥವಾ ಲಿಖಿತ ಪ್ರಶ್ನೆ ಕೇಳಿ, ಇಲ್ಲವೇ ತಮ್ಮ ಕರಪತ್ರ ಹಂಚಿ ಗದ್ದಲ ಉಂಟುಮಾಡಬಾರದು ಎಂದು ಅದು ಹೇಳುತ್ತದೆ. ವ್ಯಕ್ತಿಯ ಅಭಿಪ್ರಾಯವನ್ನು ವಿರೋಧಿಸಲು ಅವರ ಮನೆ ಮುಂದೆ ಧರಣಿ ಕೂರುವುದನ್ನೂ ಅದು ಒಪ್ಪುವುದಿಲ್ಲ. ಎದುರಾಳಿಗಳು ಗುಂಪು ಕಟ್ಟಿಕೊಂಡು ಬಂದು ಸಭೆ ಕೆಡಿಸುವುದನ್ನು ತಪ್ಪಿಸುವುದು ಇದರ ಆಶಯವೆಂಬುದು ಸ್ಪಷ್ಟ, ಆ ಆಶಯ ಸರಿಯಾದುದೇ. ಆದರೆ ಯಾವ ಪಕ್ಷಕ್ಕೂ ಸೇರದ ಮತದಾರರು ಕೇಳುವ ಪ್ರಶ್ನೆಗೆ ಈ ನಿಯಮ ತಾಗುವುದಿಲ್ಲ. ‘ಬೆಂಬಲಿಗ’ ಎಂಬ ಹಣೆಪಟ್ಟಿ ಹಚ್ಚಲು ಹೊರಟರೆ ಅದು ಯಾರಿಗೂ ತಾಗಬಹುದು.

ಕಾಗದದ ಮೇಲಿನ ಈ ಗೆರೆಗಳಿಗಿಂತ ಇಂದು ಹೆಚ್ಚು ನಡೆಯುವುದು ಪ್ರತಿಭಟನೆಯನ್ನು ದೂರ ಇಡುವ ಕೆಲಸ. ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳಿಗೆ ಮುನ್ನಾದಿನ ಇಡೀ ನಗರಕ್ಕೆ 144ನೇ ಕಲಮಿನ ನಿಷೇಧಾಜ್ಞೆ ಹೇರಲಾಯಿತು. ಅದು ಕಾನೂನುಬದ್ಧವಲ್ಲ ಎಂದು ಕರ್ನಾಟಕ ಹೈಕೋರ್ಟ್ ಹೇಳಿದ್ದು 2020ರ ಫೆಬ್ರುವರಿಯಲ್ಲಿ, ಅಂದರೆ ನಿಷೇಧದ ಆ ದಿನಗಳು ಮುಗಿದು ವಾರಗಳೇ ಕಳೆದ ಮೇಲೆ. 2021ರ ಪರವಾನಗಿ ಆದೇಶದ ಬಳಿಕ ನಗರದ ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕ್ ಒಂದೇ ನೆಲೆಯಾಯಿತು. ಸಂಚಾರ ದಟ್ಟಣೆಯ ವಾದವನ್ನು ತಳ್ಳಿಹಾಕಲಾಗದು, ನಿಜ. ಆದರೆ ನಾಯಕರು ಒಂದು ಮೈದಾನದಲ್ಲಿ, ಅವರನ್ನು ವಿರೋಧಿಸುವವರು ಊರಿನ ಇನ್ನೊಂದು ಮೂಲೆಯಲ್ಲಿ ಇದ್ದರೆ ಆ ವಿರೋಧ ಯಾರ ಕಿವಿಗೂ ಬೀಳುವುದಿಲ್ಲ.

1928ರಲ್ಲಿ ಸೈಮನ್ ಆಯೋಗವನ್ನು ದೇಶದುದ್ದಕ್ಕೂ ಎದುರುಗೊಂಡ ಕಪ್ಪು ಬಾವುಟದ ಪಾಡೂ ಇದೇ. 2017ರಲ್ಲಿ ಮುಖ್ಯಮಂತ್ರಿಯ ವಾಹನದ ಸಾಲಿಗೆ ಕಪ್ಪು ಬಾವುಟ ತೋರಿಸಿದ ಮೂವರ ಮೇಲಿನ ಪ್ರಕರಣವನ್ನು ಕೇರಳ ಹೈಕೋರ್ಟ್ 2024ರಲ್ಲಿ ರದ್ದುಪಡಿಸಿ, ಬಾವುಟ ತೋರಿಸಿದ ಮಾತ್ರಕ್ಕೆ ಮಾನಹಾನಿಯಾಗುವುದಿಲ್ಲ ಎಂದಿತು. ಈ ತೀರ್ಪು ಬರಲು ಏಳು ವರ್ಷ ಹಿಡಿಯಿತು; ಬಂದದ್ದಾದರೂ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ್ದರಿಂದ. ಮುನ್ನೆಚ್ಚರಿಕೆಯ ಹೆಸರಿನ ಬಂಧನದಲ್ಲಿ ಆ ದಾರಿಯೂ ಇಲ್ಲ. ಅಪರಾಧ ನಡೆಯಬಹುದೆಂಬ ಅನುಮಾನದ ಮೇಲೆ 24 ಗಂಟೆ ವಶದಲ್ಲಿ ಇಟ್ಟುಕೊಳ್ಳಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 151ನೇ ಕಲಮು ಅವಕಾಶ ಕೊಡುತ್ತಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಮು ಕೊಡುತ್ತದೆ. ಬೆಳಿಗ್ಗೆ ವಶಕ್ಕೆ ಪಡೆದವರನ್ನು ನಾಯಕರ ಹೆಲಿಕಾಪ್ಟರ್ ಹಾರಿಹೋದ ಮೇಲೆ ಬಿಟ್ಟುಬಿಟ್ಟರೆ, ಸಭೆಯನ್ನು ತಡೆಯುವ ಉದ್ದೇಶ ಅವರಿಗಿತ್ತೇ ಎಂಬುದನ್ನು ಸಾಬೀತುಪಡಿಸುವ ಹೊಣೆ ಪೊಲೀಸರ ಮೇಲೆ ಬೀಳುವುದೇ ಇಲ್ಲ.