ಕೆರೆ ಕಾಲಿಗೆ ಅಡ್ಡ, ಸಿಗ್ನಲ್‌ಗಲ್ಲ

ಟವರ್ ಇಲ್ದೆ ಫೋನಿಂದ ಫೋನಿಗೇ ಮೆಸೇಜ್ ದಾಟಿಸೋ ಅಡ್‌ಹಾಕ್ ನೆಟ್‌ವರ್ಕ್ ಮೇಲೆ ಪ್ರಾಜೆಕ್ಟ್ ಮಾಡೋ ಹುಡುಗ್ರು ಕಂಪ್ಯೂಟರ್ ಸಿಮ್ಯುಲೇಶನ್ ತಂದು ತೋರಿಸಿದ್ರೆ ನಾನು ಮೊದ್ಲು ನೋಡೋದು ಅದ್ರೊಳಗೆ ಜನ ಹೆಂಗೆ ಓಡಾಡ್ತಾರೆ ಅಂತ. ಸುಮಾರು ಜನ ರಾಂಡಮ್ ವೇಪಾಯಿಂಟ್ ಅನ್ನೋ ಮಾದರಿ ಹಾಕಿರ್ತಾರೆ, 1996ರಲ್ಲಿ ಜಾನ್ಸನ್, ಮಾಲ್ಟ್ಜ್ ಅನ್ನೋ ಸಂಶೋಧಕರು ಕೊಟ್ಟಿದ್ದು. ಎಲ್ಲೋ ಒಂದು ಪಾಯಿಂಟ್, ಯಾವ್ದೋ ಒಂದು ಸ್ಪೀಡ್ ಆರಿಸು, ನೇರ ಹೋಗು, ಸ್ವಲ್ಪ ಹೊತ್ತು ನಿಲ್ಲು, ಮತ್ತೆ ಇನ್ನೊಂದು ಪಾಯಿಂಟ್. ತುಮಕೂರಲ್ಲಿ ಹಂಗೆ ನಡೆದ್ರೆ ಅಮಾನಿಕೆರೆ ನೀರಿನ ಮೇಲೇ ಹೋಗ್ಬೇಕಾಗುತ್ತೆ.

2003ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಯೂನಿವರ್ಸಿಟಿಯ ಅಮಿತ್ ಜಾರ್ದೋಶ್ ಮತ್ತೆ ಜೊತೆಯವರು ಇದಕ್ಕೊಂದು ದಾರಿ ತೋರಿಸಿದ್ರು. ಬಿಲ್ಡಿಂಗ್ ಮೂಲೆಗಳನ್ನ ಬಿಂದು ಅಂತ ಇಟ್ಕೊಂಡು ವೊರೊನೊಯ್ ನಕ್ಷೆ ಹಾಕೋದು, ಅಂದ್ರೆ ಹತ್ತಿರದ ಮೂಲೆಗಳಿಂದ ಸಮ ದೂರದಲ್ಲಿ ಹಾದುಹೋಗೋ ಗೆರೆಗಳು, ಹಂಗಾಗಿ ಎರಡು ಬಿಲ್ಡಿಂಗ್ ಇದ್ರೆ ನಡುವಿನ ಓಣಿ ಮಧ್ಯಕ್ಕೇ ಗೆರೆ ಬೀಳುತ್ತೆ, ಗೆರೆ ಗೋಡೆಗೆ ತಾಗೋ ಕಡೆ ಬಾಗ್ಲು ಅಂತ ಲೆಕ್ಕ. ಜನ ಆ ಗೆರೆಗಳ ಮೇಲೆ ಹತ್ತಿರದ ದಾರಿ ಹಿಡಿದು ಹೋಗ್ತಾರೆ, ಎರಡು ಫೋನ್ ಮಧ್ಯೆ ಗೋಡೆ ಬಂದ್ರೆ ಸಿಗ್ನಲ್ ಪೂರ್ತಿ ಕಟ್. ಬಯಲಲ್ಲಿ ಓಡಾಡಿಸಿದಾಗಿನ ರಿಸಲ್ಟ್‌ಗೂ ಇದಕ್ಕೂ ಬಹಳ ವ್ಯತ್ಯಾಸ ಬಂತು.

ಒಳ್ಳೇ ಕೆಲಸ ಅದು. ಆದ್ರೆ ಅದನ್ನ ನಮ್ಮೂರಿಗೆ ಹಂಗಂಗೇ ತಂದ್ರೆ ಆಗಲ್ಲ, ಯಾಕಂದ್ರೆ ಕಾಲಿಗೆ ಅಡ್ಡ ಆಗೋದೆಲ್ಲ ಸಿಗ್ನಲ್‌ಗೆ ಅಡ್ಡ ಆಗಲ್ಲ. ಕೆರೆನೇ ತಗೊಳ್ಳಿ, ಈ ದಡದೋನು ಆ ದಡಕ್ಕೆ ಹೋಗ್ಬೇಕಂದ್ರೆ ಏರಿ ಸುತ್ತಿ ಹೋಗ್ಬೇಕು, ಆದ್ರೆ ನೀರಿನ ಮೇಲೆ ಸಿಗ್ನಲ್‌ನ ತಡೆಯೋದು ಏನೂ ಇಲ್ಲ. ಕೆರೆನ ಗೋಡೆ ಥರ ಹಾಕಿಬಿಟ್ರೆ ಸಿಗಬಹುದಾದ ಲಿಂಕೂ ಸಿಮ್ಯುಲೇಟರಲ್ಲಿ ಮಾಯ. ರೋಡ್ ಡಿವೈಡರೂ ಅಷ್ಟೇ, ಜನ ಗ್ಯಾಪ್ ಇರೋ ಕಡೆ ಹೋಗಿ ದಾಟ್ತಾರೆ, ಸಿಗ್ನಲ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹುಣಸೆ ತೋಪು ಇದಕ್ಕೆ ಉಲ್ಟಾ, ಕೆಳಗೆ ಆರಾಮಾಗಿ ನಡೀಬಹುದು, ಎಲೆ ದಟ್ಟವಾಗಿದ್ರೆ, ಅದ್ರಲ್ಲೂ ಮಳೇಲಿ ನೆಂದಿದ್ರೆ, ಸಿಗ್ನಲ್ ಸೊರಗುತ್ತೆ. ಇನ್ನು ಇಟ್ಟಿಗೆ ಗೋಡೆ ಸಿಗ್ನಲ್‌ನ ಕಮ್ಮಿ ಮಾಡುತ್ತೆ, ಪೂರ್ತಿ ನಿಲ್ಸಲ್ಲ.

ಅದಕ್ಕೇ ಎರಡು ಮ್ಯಾಪ್ ಬೇಕು, ಕಾಲಿಗೊಂದು, ಸಿಗ್ನಲ್‌ಗೊಂದು. ಎನ್‌ಎಸ್-3 ಅನ್ನೋ ನೆಟ್‌ವರ್ಕ್ ಸಿಮ್ಯುಲೇಟರಲ್ಲಿ ಬಿಲ್ಡಿಂಗ್ ಇಟ್ಟ ಮಾತ್ರಕ್ಕೆ ರಾಂಡಮ್ ವೇಪಾಯಿಂಟ್ ನೋಡ್‌ಗಳು, ಅಂದ್ರೆ ಅದ್ರೊಳಗೆ ಓಡಾಡೋ ಫೋನ್‌ಗಳು, ಅದನ್ನ ಸುತ್ತಿ ಹೋಗಲ್ಲ, ಗೋಡೆ ತೂರ್ಕೊಂಡೇ ಹೋಗ್ತವೆ, ದಾರಿ ನೀವೇ ಕೊಡ್ಬೇಕು. ರನ್ ಮಾಡೋಕೆ ಮುಂಚೆ, ಯಾವ ನೋಡ್ ಯಾವಾಗ ಎಲ್ಲಿರುತ್ತೆ ಅಂತ ಬರೆದಿರೋ ಟ್ರೇಸ್ ಫೈಲನ್ನ ಮ್ಯಾಪ್ ಮೇಲೆ ಬಿಡಿಸಿ ನೋಡಿ, ಒಂದು ಚುಕ್ಕೆ ನೀರಲ್ಲಿ ಕಂಡ್ರೂ ಮೊದ್ಲು ಅದನ್ನ ಸರಿ ಮಾಡಿ.

ಹಾಂ, ರಾಂಡಮ್ ವೇಪಾಯಿಂಟ್ ಬಿಡಕ್ಕೆ ಆಗಲ್ಲ ಅನ್ನೋರು ಮಿನಿಮಮ್ ಸ್ಪೀಡ್ 0 ಮಾತ್ರ ಇಡ್ಬೇಡಿ. ನಿಧಾನದ ಸ್ಪೀಡ್ ಸಿಕ್ಕ ನೋಡ್ ಒಂದೇ ದಾರೀಲಿ ಗಂಟೆಗಟ್ಲೆ ತೆವಳ್ತಾ ಇರುತ್ತೆ, ಹೊತ್ತು ಹೋದಂಗೆಲ್ಲ ಎಲ್ಲರ ಸರಾಸರಿ ಸ್ಪೀಡೂ ಇಳೀತಾ ಹೋಗುತ್ತೆ ಅಂತ ಯೂನ್, ಲಿಯು, ನೋಬಲ್ ಅನ್ನೋ ಸಂಶೋಧಕರು 2003ರಲ್ಲೇ ತೋರಿಸಿದಾರೆ.