ತಮ್ಮನಿಗೆ ಕೇಳುವ ದನಿ ನಮಗೆ ಯಾಕೆ ಕೇಳುವುದಿಲ್ಲ?

ಪ್ರಶ್ನೆ: ಡಿಗ್ರಿ ಓದುತ್ತಿರುವ ತಮ್ಮ ಎರಡು ತಿಂಗಳಿಂದ ಒಬ್ಬನೇ ಗೊಣಗುತ್ತಾನೆ. ಮಾಡಿನ ಮೇಲಿಂದ ಇಬ್ಬರು ತನ್ನನ್ನು ಬೈಯುತ್ತಾರಂತೆ. ಅಪ್ಪ ದೈವದ ಉಪದ್ರ ಎನ್ನುತ್ತಾರೆ. ‘ಏನೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಎಂದರೆ ಇವನು ರೇಗುತ್ತಾನೆ. ಏನು ಮಾಡುವುದು?
– ಓದುಗರೊಬ್ಬರು, ಕಾಪು

ಉತ್ತರ: ರೇಗದೆ ಏನು ಮಾಡಿಯಾನು? ಅವನಿಗೆ ಅದು ಕೇಳುತ್ತಿರುವುದು ನಿಜ. ಇದೆ, ಇಲ್ಲ ಎಂಬ ವಾದ ಬಿಡಿ. ‘ನಂಗೆ ಕೇಳುದಿಲ್ಲ ಮಾರಾಯ, ನಿಂಗೆ ಕೇಳ್ತದೆ ಅಂತ ಗೊತ್ತುಂಟು. ಎಂತ ಹೇಳ್ತಾರೆ?’ ಎಂದು ಕೇಳಿ ನೋಡಿ. ಆ ದನಿ ‘ಸಾಯಿ’ ಅಥವಾ ‘ಅವನಿಗೆ ಹೊಡಿ’ ಎನ್ನುತ್ತಿದ್ದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ನಾವೆಲ್ಲ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತೇವೆ. ಆಗ ಮೆದುಳು ‘ಇದು ನನ್ನದೇ ಮಾತು’ ಎಂದು ಗುರುತಿಟ್ಟುಕೊಳ್ಳುತ್ತದೆ. ಆ ಗುರುತು ತಪ್ಪಿದರೆ ಒಳಗಿನ ಮಾತೇ ಬೇರೆಯವರ ದನಿಯಾಗಿ ಕೇಳುತ್ತದೆ; ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಇದು ಮುಖ್ಯವಾದದ್ದು. ದನಿ ಕೇಳುತ್ತಿರುವ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿದಾಗ, ಮಾತಿಗೆ ಸಂಬಂಧಿಸಿದ ಮೆದುಳಿನ ಭಾಗಗಳು ಚುರುಕಾಗಿರುವುದು ಕಂಡುಬಂದಿದೆ. ದನಿ ಹೇಳುವುದು ಮಾತ್ರ ಊರಿಂದ ಊರಿಗೆ ಬೇರೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ರೋಗಿಗಳು ಹೆಚ್ಚಾಗಿ ಹಿಂಸೆಯ ಮಾತು ಕೇಳಿದ್ದರೆ, ಚೆನ್ನೈಯ ಹಲವರಿಗೆ ಕೇಳಿದ್ದು ಮನೆಕೆಲಸ ಹೇಳುವ ನೆಂಟರ ದನಿ!

ನಿದ್ದೆಗೆ ಜಾರುವಾಗ ಯಾರೋ ಹೆಸರು ಕರೆದಂತಾಗುವುದು, ತೀರಿಕೊಂಡ ಅಮ್ಮನ ದನಿ ಒಮ್ಮೆ ಕೇಳಿದಂತಾಗುವುದು ಕಾಯಿಲೆಯಲ್ಲ. ಎರಡು ತಿಂಗಳಿಂದ ಬೈಗುಳ ಕೇಳುತ್ತಿರುವುದು ಹಾಗಲ್ಲ. ಗಾಂಜಾ ಸೇದಿದ್ದಾನೆಯೇ, ಕುಡಿತ ಉಂಟೇ ಎಂದು ಡಾಕ್ಟರು ಕೇಳುತ್ತಾರೆ, ಮುಚ್ಚಿಡಬೇಡಿ.

ರಿಸ್ಪೆರಿಡೋನ್, ಒಲಾಂಜಪೈನ್‌ನಂಥ ಮಾತ್ರೆಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಆಟವನ್ನು ತಗ್ಗಿಸುತ್ತವೆ. ಮೊದಲು ನಿದ್ದೆ ಬರುತ್ತದೆ, ಸಿಡುಕು ಇಳಿಯುತ್ತದೆ. ದನಿ ಸಣ್ಣದಾಗಲು ವಾರಗಳು ಬೇಕು. ಕೆಲವರಿಗೆ ಪೂರ್ತಿ ನಿಲ್ಲುವುದೇ ಇಲ್ಲ, ಆದರೆ ಪಕ್ಕದ ಮನೆಯ ರೇಡಿಯೋದಷ್ಟು ದೂರವಾಗುತ್ತದೆ. ತೂಕ ಏರುವುದು, ಕೈ ನಡುಗುವುದು, ಮೈ ಬಿಗಿಯುವುದು ಉಂಟು. ಅದಕ್ಕಾಗಿ ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ. ಎರಡು ಔಷಧಿಗಳನ್ನು ಸರಿಯಾಗಿ ತೆಗೆದುಕೊಂಡೂ ಫಲ ಕಾಣದಿದ್ದರೆ ಕ್ಲೋಜಪೈನ್ ಇದೆ. ಅದಕ್ಕೆ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ದನಿಯ ಮಾತಿಗೆ ಹೆದರದೆ ಬದುಕುವುದನ್ನು ಕಲಿಸುವ ಆಪ್ತಸಮಾಲೋಚನೆಯೂ ಜೊತೆಗಿರಲಿ. ಇಯರ್‌ಫೋನಿನಲ್ಲಿ ತಾಳಮದ್ದಳೆ ಹಾಕಿಕೊಂಡರೂ ಕೆಲವರಿಗೆ ಆ ಹೊತ್ತಿಗೆ ಹಗುರಾದೀತು.

ಇನ್ನು ಅಪ್ಪನ ವಿಚಾರ. ದೈವದ ಉತ್ಸವವಾದ ನೇಮದಲ್ಲಿ, ದೈವ ಮೈಮೇಲೆ ಬರುವ ಪಾತ್ರಿಗೆ ಆವೇಶ ಬರುವುದಕ್ಕೊಂದು ಕಟ್ಟಳೆಯಿದೆ, ಹೊತ್ತಿದೆ. ಮುಗಿದ ಮೇಲೆ ಅವರು ಎಂದಿನಂತೆ ಮನೆಗೆ ಹೋಗುತ್ತಾರೆ. ಅದನ್ನು ನಾನು ಕಾಯಿಲೆ ಎನ್ನಲಾರೆ. ನಿಮ್ಮ ತಮ್ಮನ ದನಿಗೆ ಹೊತ್ತುಗೊತ್ತಿಲ್ಲ. ಹಾಗೆಂದು ಅಪ್ಪನ ಜೊತೆ ಜಗಳವಾಡಿ ಲಾಭವಿಲ್ಲ. ದೈವಕ್ಕೆ ತಂಬಿಲದ ಪೂಜೆ ಕೊಡುವುದಾದರೆ ಕೊಡಲಿ, ಮಾತ್ರೆ ತಪ್ಪದಿದ್ದರೆ ಸಾಕು. ಕಟ್ಟಿಹಾಕುವುದು, ಹೊಡೆಯುವುದಕ್ಕೆ ಮಾತ್ರ ಒಪ್ಪಬೇಡಿ.

ಉಡುಪಿಯ ಜಿಲ್ಲಾಸ್ಪತ್ರೆ, ಮಣಿಪಾಲ, ಮಂಗಳೂರಿನ ವೆನ್ಲಾಕ್ ನಿಮಗೆ ದೂರವಲ್ಲ. ಹೊರಡುವ ಮೊದಲೇ ಮಾತಾಡಬೇಕೆಂದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಉಚಿತ, ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು. ತಮ್ಮ ಬರುವುದಿಲ್ಲ ಎಂದರೆ ದನಿಯ ಸುದ್ದಿ ಎತ್ತಬೇಡಿ. ರಾತ್ರಿ ನಿದ್ದೆ ಇಲ್ಲವಲ್ಲ, ಅದನ್ನು ತೋರಿಸಿಕೊಂಡು ಬರೋಣ ಎನ್ನಿ. ಅಷ್ಟಕ್ಕೆ ಹೊರಟಾನು.