ಎತ್ತರದ ಆಳು, ಅರವತ್ತು ದಾಟಿದ ಮಂಡಿ: ಡರ್ಟ್ ಬೈಕ್ ಅನ್ನು ಮೈಗೆ ಹೊಂದಿಸುವುದು ಹೇಗೆ?

ಪ್ರಶ್ನೆ: ನನ್ನ ಎತ್ತರ ಆರು ಅಡಿ ಎರಡು ಇಂಚು, ವಯಸ್ಸು 61. ಶಿರಸಿಯ ಬಳಿ ತೋಟವಿದೆ. ನಿವೃತ್ತಿಯ ನಂತರ ಆಸೆಪಟ್ಟು ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಕೊಂಡೆ. ತೋಟದ ಕಚ್ಚಾ ದಾರಿಗೂ ಕುಮಟಾಕ್ಕೆ ಹೋಗಿಬರುವುದಕ್ಕೂ ಅದೇ ಬೈಕ್. ಅರ್ಧ ಗಂಟೆ ಓಡಿಸಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಸೊಂಟ ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಹತ್ತುವಾಗ ಬಲಗಾಲು ಎತ್ತುವುದೂ ಕಷ್ಟವಾಗುತ್ತಿದೆ. ಹ್ಯಾಂಡಲ್ ಎತ್ತರಿಸಿದರೆ ಸರಿಹೋಗುತ್ತದೆಯೇ, ಅಥವಾ ಬೈಕ್ ಮಾರಿಬಿಡಲೇ?

ಉತ್ತರ: ಮಾರಬೇಡಿ. ಹ್ಯಾಂಡಲ್ ಎತ್ತರಿಸುವ ಯೋಚನೆಯನ್ನೂ ಸದ್ಯಕ್ಕೆ ಬದಿಗಿಡಿ. ಉದ್ದ ಕಾಲಿನವರೆಲ್ಲ ನನ್ನನ್ನು ಮೊದಲು ಕೇಳುವುದು ಹ್ಯಾಂಡಲಿನ ಬಗ್ಗೆಯೇ. ನೋವು ಕಾಣಿಸಿಕೊಳ್ಳುವುದು ಸೊಂಟದಲ್ಲಿ, ಕೈಯಲ್ಲಿ. ಹಾಗಾಗಿ ಕೈ ಹಿಡಿಯುವ ಜಾಗದಲ್ಲೇ ದೋಷವಿದೆ ಎನ್ನಿಸುವುದು ಸಹಜ. ಆದರೆ ಬಹುತೇಕ ಸಲ ಅದರ ಬೇರು ಕೆಳಗೆ, ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರದಲ್ಲಿ ಇರುತ್ತದೆ.

ಆ ಅಂತರ ಕಡಿಮೆಯಾದರೆ ಉದ್ದ ಕಾಲು ಮಡಚಿಕೊಳ್ಳಲೇಬೇಕು. ಮಂಡಿ ಹೆಚ್ಚು ಮಡಚಿದಷ್ಟೂ ಮಂಡಿಚಿಪ್ಪಿನ ಹಿಂದಿನ ಒತ್ತಡ ಹೆಚ್ಚುತ್ತದೆ. ಸವೆದ ಮಂಡಿಗೆ ಇದು ಬೇಗ ಗೊತ್ತಾಗುತ್ತದೆ. ತೊಡೆ ಮೇಲಕ್ಕೆ ಬಂದಾಗ ಇಡೀ ಸೊಂಟ ಹಿಂದಕ್ಕೆ ಮಗುಚುತ್ತದೆ. ಇಪ್ಪತ್ತೈದರ ಮೈ ಇದನ್ನು ತಡೆದುಕೊಳ್ಳುತ್ತದೆ, ಅರವತ್ತರಲ್ಲಿ ತೊಡೆಯ ಹಿಂಭಾಗದ ಸ್ನಾಯುಗಳು ಅಷ್ಟು ಬಾಗುವುದಿಲ್ಲ. ಬೆನ್ನಿನ ಕೆಳಭಾಗ ಬಿಲ್ಲಾಗುತ್ತದೆ, ಎದೆ ಮುಂದಕ್ಕೆ ಕುಸಿಯುತ್ತದೆ, ಮೈಭಾರ ಅಂಗೈ ಮೇಲೆ ಬೀಳುತ್ತದೆ. ನಿಮ್ಮ ಬೆರಳಿನ ಜೋಮು ಹೀಗೆ ಮಂಡಿಯಿಂದಲೇ ಹೊರಟಿರಬಹುದು. ಹ್ಯಾಂಡಲ್ ಎತ್ತರಿಸಿದರೆ ಈ ಸರಪಣಿಯ ಕೊನೆಯ ಕೊಂಡಿಯನ್ನಷ್ಟೇ ಮುಟ್ಟಿದಂತಾಗುತ್ತದೆ.

ಮೊದಲು ಅಳತೆ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ಪುಸ್ತಕವೊಂದನ್ನು ಕಾಲುಗಳ ಸಂದಿಗೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. ನಿಮ್ಮ ಎತ್ತರದವರಿಗೆ ಇದು 88ರಿಂದ 90 ಸೆಂಟಿಮೀಟರ್ ಆಸುಪಾಸು ಬರಬಹುದು. ಆಮೇಲೆ ಬೈಕ್ ಮೇಲೆ ಕುಳಿತಾಗ ಮತ್ತು ಫುಟ್‌ರೆಸ್ಟ್ ಮೇಲೆ ನಿಂತಾಗ ಪಕ್ಕದಿಂದ ಮೊಬೈಲ್‌ನಲ್ಲಿ ಒಂದೊಂದು ಚಿತ್ರ ತೆಗೆಸಿಕೊಳ್ಳಿ. ಬೈಕ್ ವಾಲದಂತೆ ಒಬ್ಬರು ಮುಂದಿನಿಂದ ಹಿಡಿದಿರಲಿ. ಕುಳಿತ ಚಿತ್ರದಲ್ಲಿ ಮಂಡಿಯ ಕೋನ ಗೋಡೆಯ ಮೂಲೆಗಿಂತ ಕಿರಿದಾಗಿ ಕಂಡರೆ ಕೆಲಸ ಎಲ್ಲಿಂದ ಶುರುವಾಗಬೇಕೆಂಬುದು ಗೊತ್ತಾಯಿತು.

ಎಕ್ಸ್‌ಪಲ್ಸ್ 200ರ 4ವಿ (ನಾಲ್ಕು ವಾಲ್ವಿನ) ಮಾದರಿಯ ಸೀಟು ನೆಲದಿಂದ 825 ಮಿ.ಮೀ. ಎತ್ತರದಲ್ಲಿದೆ. ಐದೂವರೆ ಅಡಿಯವರು ಅದರ ಮೇಲೆ ಬೆರಳ ತುದಿಯಲ್ಲಿ ನಿಲ್ಲುತ್ತಾರೆ. ನಿಮ್ಮ ಎರಡೂ ಪಾದ ಪೂರ್ತಿ ಊರಿ ಇನ್ನೂ ಜಾಗ ಉಳಿಯುತ್ತದೆ. ಆ ಉಳಿದ ಜಾಗವೇ ನಿಮ್ಮ ಬಂಡವಾಳ. ಸೀಟನ್ನು 30ರಿಂದ 40 ಮಿ.ಮೀ. ಎತ್ತರಿಸಿದರೂ ನಿಮ್ಮ ಕಾಲು ನೆಲಕ್ಕೆ ಸಿಗುತ್ತದೆ, ಏಕೆಂದರೆ ನೀವು ಕುಳಿತೊಡನೆ ಸಸ್ಪೆನ್ಷನ್ ಸ್ವಲ್ಪ ತಗ್ಗುತ್ತದೆ. ಮಂಡಿಗೆ ಸಿಗುವ ಬಿಡುವು ಮಾತ್ರ ಮೊದಲ ದಿನವೇ ತಿಳಿಯುತ್ತದೆ.

ಇದಕ್ಕೆ ದೊಡ್ಡ ಕಂಪನಿಯ ಸಾಮಾನು ಬೇಕಿಲ್ಲ. ಸೀಟ್ ಕವರ್ ಹೊಲಿಯುವ ಅನುಭವಿ ಕೈಯೊಂದು ಸಾಕು. ಆದರೆ ಹೇಳಬೇಕಾದದ್ದನ್ನು ಸ್ಪಷ್ಟವಾಗಿ ಹೇಳಿ. ಫೋಮ್ ಗಟ್ಟಿಯದಿರಲಿ, ಅಂಗಡಿಯಲ್ಲಿ ಒತ್ತಿ ನೋಡಿದಾಗ ಹಿತವೆನಿಸುವ ಮೆತ್ತನೆಯ ಫೋಮ್ ಹತ್ತು ಕಿಲೋಮೀಟರಿಗೆ ಕುಸಿದು ಕೂತುಬಿಡುತ್ತದೆ. ಮಧ್ಯದ ತಗ್ಗನ್ನು ತುಂಬಿಸಿ ಸೀಟನ್ನು ಸಮತಟ್ಟು ಮಾಡಿಸಿ, ಇಲ್ಲದಿದ್ದರೆ ಘಟ್ಟ ಇಳಿಯುವಾಗ ಪ್ರತಿ ಬ್ರೇಕಿಗೂ ಟ್ಯಾಂಕಿನತ್ತ ಜಾರುತ್ತೀರಿ, ಆಗ ಕೈಗೆ ಮತ್ತೆ ಭಾರ. ಮುಂಭಾಗ ಮಾತ್ರ ಕಿರಿದಾಗಿಯೇ ಉಳಿಯಲಿ, ಕಾಲೂರಲು ಅದೇ ದಾರಿ. ನಮ್ಮ ಕಡೆಯವರು ಮರೆಯಬಾರದ ಇನ್ನೊಂದು ಸಂಗತಿ ಇದೆ. ಹೊಲಿಗೆಯ ತೂತುಗಳಿಂದ ಇಳಿದ ನೀರು ಆಷಾಢದಲ್ಲಿ ಫೋಮ್ ಒಳಗೇ ವಾರಗಟ್ಟಲೆ ನಿಲ್ಲುತ್ತದೆ. ಕವರಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿಸಲೇಬೇಕು. ಹಸಿ ಸೀಟಿನ ಮೇಲೆ ಕುಳಿತ ಸೊಂಟಕ್ಕೆ ಯಾವ ಎತ್ತರವೂ ಹಿತವಲ್ಲ.

ಸೀಟಾದ ಮೇಲೆ ಫುಟ್‌ರೆಸ್ಟ್. ಅನೇಕ ಬೈಕ್‌ಗಳಲ್ಲಿ ಅದರ ಮೇಲಿನ ರಬ್ಬರನ್ನು ಕಳಚಬಹುದು. ಕಳಚಿದರೆ ಪಾದ ಕೆಲವು ಮಿಲಿಮೀಟರ್ ಕೆಳಗಿಳಿಯುತ್ತದೆ, ಕೆಸರಿನಲ್ಲಿ ಹಿಡಿತವೂ ಸಿಗುತ್ತದೆ. ಒಂದು ರೂಪಾಯಿಯ ಖರ್ಚಿಲ್ಲ. ನಡುಕ ಮಾತ್ರ ಸ್ವಲ್ಪ ಹೆಚ್ಚುತ್ತದೆ. ಇಷ್ಟು ಸಾಲದಿದ್ದರೆ 20ರಿಂದ 25 ಮಿ.ಮೀ. ಕೆಳಗಿರುವ, ಅಗಲವಾದ ಫುಟ್‌ರೆಸ್ಟ್ ಹಾಕಿಸಬಹುದು. ತೋಟದ ದಾರಿಯ ಗಾಡಿಜಾಡಿನಲ್ಲಿ, ಚಿರೆಕಲ್ಲಿನ ಮೆಟ್ಟಿಲಿನಂಥ ಏರಿನಲ್ಲಿ ಅದು ಕಲ್ಲಿಗೆ ತಗುಲುವ ಸಂಭವವೂ ಅಷ್ಟೇ ಹೆಚ್ಚುತ್ತದೆ ಎಂಬುದು ನೆನಪಿರಲಿ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥ ದಾರಿಯಿರುವವರು ಸೀಟನ್ನು ಹೆಚ್ಚು ಎತ್ತರಿಸಬೇಕು, ಫುಟ್‌ರೆಸ್ಟನ್ನು ಕಡಿಮೆ ಇಳಿಸಬೇಕು.

ಗೇರ್ ಲಿವರ್ ಮತ್ತು ಹಿಂದಿನ ಬ್ರೇಕ್ ಪೆಡಲ್ ಬಗ್ಗೆ ಯಾರೂ ಮಾತನಾಡುವುದಿಲ್ಲ. ಉದ್ದನೆಯ ಆಳಿನ ಪಾದವೂ ಉದ್ದ. ಫುಟ್‌ರೆಸ್ಟಿನಿಂದ ಗೇರ್ ಲಿವರಿನ ತುದಿಯವರೆಗಿನ ಜಾಗ ಹನ್ನೊಂದನೇ ನಂಬರಿನ ಪಾದಕ್ಕೆ ಸಾಲದು. ಗೇರ್ ಹಾಕಲು ಪ್ರತಿ ಸಲ ಮಂಡಿಯನ್ನು ಹೊರಕ್ಕೆ ತಿರುಚಬೇಕಾಗುತ್ತದೆ. ಘಟ್ಟದಲ್ಲಿ ದಿನಕ್ಕೆ ನೂರು ಸಲ ಹೀಗೆ ತಿರುಚಿದರೆ ಎಡಮಂಡಿ ನೋಯದೆ ಏನು ಮಾಡೀತು? ಲಿವರನ್ನು ಶಾಫ್ಟಿನ ಹಲ್ಲಿನಿಂದ ಕಳಚಿ ಒಂದು ಹಲ್ಲು ಮೇಲೆ ಕೂರಿಸಿದರೆ ಬಹುಪಾಲು ತೊಂದರೆ ನೀಗುತ್ತದೆ. ಕೆಲವರಿಗೆ ತುಸು ಉದ್ದದ ಲಿವರೇ ಬೇಕಾಗುತ್ತದೆ. ಈ ಹೊಂದಾಣಿಕೆಯನ್ನು ಚಪ್ಪಲಿ ಹಾಕಿಕೊಂಡು ಮಾಡಿಸಬೇಡಿ. ಮಳೆಗಾಲದಲ್ಲಿ ನೀವು ಗಂಬೂಟಿನಲ್ಲೇ ತೋಟಕ್ಕೆ ಹೋಗುವವರಾದರೆ ಗ್ಯಾರೇಜಿಗೂ ಗಂಬೂಟಿನಲ್ಲೇ ಹೋಗಿ. ಬ್ರೇಕ್ ಪೆಡಲ್ ಹೇಗಿರಬೇಕೆಂದರೆ, ಕುಳಿತಾಗ ಹಿಮ್ಮಡಿ ಎತ್ತದೆ ಒತ್ತಲಿಕ್ಕಾಗಬೇಕು, ನಿಂತಾಗ ತಾನಾಗಿ ಒತ್ತಿಕೊಳ್ಳಬಾರದು. ಅದನ್ನು ಸರಿಸಿದ ಮೇಲೆ ಹಿಂದಿನ ಚಕ್ರ ಸಲೀಸಾಗಿ ತಿರುಗುತ್ತದೆಯೇ, ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹೊತ್ತುತ್ತದೆಯೇ ಎಂದು ನೋಡಿಯೇ ಹೊರಡಬೇಕು.

ಈಗ ಹ್ಯಾಂಡಲ್. ಡರ್ಟ್ ಬೈಕಿನಲ್ಲಿ ಹ್ಯಾಂಡಲಿನ ಎತ್ತರವನ್ನು ನಿಂತು ನಿರ್ಧರಿಸಬೇಕು. ಫುಟ್‌ರೆಸ್ಟ್ ಮೇಲೆ ನಿಂತು ಮಂಡಿಯನ್ನು ತುಸು ಸಡಿಲಿಸಿ, ತೊಡೆಯಿಂದ ಟ್ಯಾಂಕನ್ನು ಮೃದುವಾಗಿ ಒತ್ತಿ, ಸೊಂಟದ ಕೀಲಿನಿಂದ ಸ್ವಲ್ಪ ಮುಂದೆ ಬಾಗಿ. ಆಗ ಮೊಣಕೈ ಮಡಚಿರಬೇಕು, ಬೆನ್ನು ನೇರವಿರಬೇಕು, ಕೈಗಳ ಹಿಡಿತ ಸಡಿಲಿಸಿದರೂ ಮುಂದಕ್ಕೆ ಮುಗ್ಗರಿಸಬಾರದು. ಆರಡಿ ದಾಟಿದವರು ಹೀಗೆ ನಿಂತಾಗ ಹ್ಯಾಂಡಲ್ ತೊಡೆಯ ಹತ್ತಿರ ಉಳಿದು ಬೆನ್ನು ಗೂನಾಗುತ್ತದೆ. 20ರಿಂದ 30 ಮಿ.ಮೀ. ಎತ್ತರದ ರೈಸರ್ (ಹ್ಯಾಂಡಲಿನ ಅಡಿಗೆ ಕೂರಿಸಿ ಅದನ್ನು ಎತ್ತರಿಸುವ ತುಂಡು) ಹಾಕಿಸಿಕೊಳ್ಳಲು ಇದು ನ್ಯಾಯವಾದ ಕಾರಣ. ಕೊಳ್ಳುವ ಮುನ್ನ ನಿಮ್ಮ ಹ್ಯಾಂಡಲಿನ ನಡುವೆ, ಕ್ಲ್ಯಾಂಪ್ ಅದನ್ನು ಕಚ್ಚಿ ಹಿಡಿಯುವ ಜಾಗದ ವ್ಯಾಸ 22 ಮಿ.ಮೀ. ಇದೆಯೋ 28.6 ಇದೆಯೋ ಅಳೆಸಿಕೊಳ್ಳಿ.

ರೈಸರ್ ಹ್ಯಾಂಡಲನ್ನು ನೇರ ಮೇಲಕ್ಕೆ ಎತ್ತುವುದಿಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಹಿಂದಕ್ಕೆ ವಾಲಿರುತ್ತದೆ, ಹ್ಯಾಂಡಲ್ ಅದೇ ಓರೆಯಲ್ಲಿ ಏರುತ್ತದೆ. ಮೂವತ್ತು ಮಿಲಿಮೀಟರ್ ಏರಿದರೆ ಸುಮಾರು ಹನ್ನೆರಡು ಮಿಲಿಮೀಟರ್ ನಿಮ್ಮ ಹೊಟ್ಟೆಯ ಕಡೆಗೂ ಬರುತ್ತದೆ. ಗಿಡ್ಡವರಿಗೆ ಇದು ಅನುಕೂಲ, ಉದ್ದ ತೋಳಿನ ನಿಮಗೆ ಇಕ್ಕಟ್ಟು. ಹಾಗಾಗಿ ಎತ್ತರದ ಜೊತೆಗೆ ತುಸು ಮುಂದಕ್ಕೂ ತಳ್ಳುವ ರೈಸರ್ ಕೇಳಿ. ಅತಿ ಎತ್ತರವೂ ಬೇಡ. ಮೈ ಹಿಂದಕ್ಕೆ ಸರಿದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಜಲ್ಲಿಯ ತಿರುವಿನಲ್ಲಿ ಅದು ಜಾರುತ್ತದೆ.

ಇಲ್ಲಿ ನನ್ನದೇ ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ 50 ಮಿ.ಮೀ. ರೈಸರ್ ಹಾಕಿಸಿಕೊಂಡು ನೇರ ಕುಮಟಾಕ್ಕೆ ಹೊರಟೆ. ದೇವಿಮನೆ ಘಟ್ಟದ ಇಳಿಜಾರಿನ ತಿರುವೊಂದರಲ್ಲಿ ಎದುರಿನಿಂದ ಲಾರಿ ಬಂತೆಂದು ನಿಧಾನಿಸಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಆಕ್ಸಿಲರೇಟರ್ ಮುಟ್ಟಿರಲಿಲ್ಲ, ಆದರೂ ಎಂಜಿನ್ ಏರಿತು. ಹ್ಯಾಂಡಲ್ ಮೇಲೆ ಹೋಗಿತ್ತು, ಕೇಬಲ್ ಮಾತ್ರ ಹಳೆಯ ಉದ್ದದಲ್ಲೇ ಇತ್ತು; ತಿರುಗಿಸಿದಾಗ ಅದು ಬಿಗಿದು ತಾನೇ ಆಕ್ಸಿಲರೇಟರ್ ಎಳೆದಿತ್ತು. ಕ್ಲಚ್ ಕೈಯಲ್ಲೇ ಇದ್ದುದರಿಂದ ಉಳಿದೆ. ಇಂದಿಗೂ ಆ ತಿರುವು ಬಂದಾಗ ಎದೆ ಬಿಗಿಯುತ್ತದೆ. ಆದ್ದರಿಂದ ಕೈ ಮುಗಿದು ಹೇಳುತ್ತೇನೆ: ರೈಸರ್ ಹಾಕಿದ ಮೇಲೆ ಬೈಕನ್ನು ಬಯಲಿನಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ. ಎಂಜಿನ್ನಿನ ಸದ್ದು ಎಳ್ಳಷ್ಟೂ ಬದಲಾಗಬಾರದು. ಮುಂದಿನ ಬ್ರೇಕಿನ ಹೋಸ್, ಕ್ಲಚ್ ಕೇಬಲ್, ವೈರುಗಳ ಕಟ್ಟು ಯಾವುದೂ ಬಿಗಿಯಬಾರದು. ಬಿಗಿದರೆ ಉದ್ದನೆಯದನ್ನು ಹಾಕಿಸಿ, ಇಲ್ಲವೇ ರೈಸರನ್ನೇ ಕಡಿಮೆ ಮಾಡಿ. ಮೂರನೆಯ ದಾರಿಯಿಲ್ಲ.

ಬೆರಳಿನ ಜೋಮಿಗೆ ಬರುತ್ತೇನೆ. ಹ್ಯಾಂಡಲ್ ಸರಿಸಿದಾಗಲೆಲ್ಲ ಲಿವರುಗಳ ಓರೆಯನ್ನೂ ಸರಿಪಡಿಸಬೇಕು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಮಣಿಕಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಮುರಿದಂತೆ ಬಾಗಬಾರದು. ಕ್ಲಚ್ ಗಟ್ಟಿಯಾಗಿದ್ದರೆ ಕೇಬಲಿಗೆ ಎಣ್ಣೆ ಬಿಡಿ, ಹಳೆಯದಾಗಿದ್ದರೆ ಬದಲಿಸಿ. ಕರಾವಳಿಯ ಉಪ್ಪುಗಾಳಿಗೆ ಕೇಬಲ್ ಬೇಗ ತುಕ್ಕು ಹಿಡಿಯುತ್ತದೆ. ಉದ್ದ ಬೆರಳಿನವರಿಗೆ ತೆಳ್ಳಗಿನ ಗ್ರಿಪ್ ಒಳ್ಳೆಯದಲ್ಲ, ಹೆಚ್ಚು ಬಿಗಿ ಹಿಡಿಯಬೇಕಾಗುತ್ತದೆ. ಇಷ್ಟಾದರೂ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿಯಲ್ಲೂ ಜೋಮು ಹಿಡಿದರೆ ಅದು ಮಣಿಕಟ್ಟಿನ ನರದ ವಿಷಯವಿರಬಹುದು. ಸೊಂಟದ ನೋವು ಕಾಲಿಗೆ ಇಳಿದರೂ ಹಾಗೆಯೇ. ಇವೆರಡಕ್ಕೆ ಸ್ಪ್ಯಾನರ್ ಮದ್ದಲ್ಲ, ವೈದ್ಯರನ್ನು ಕಾಣಿರಿ.

ಹಿಂದಿನ ಸ್ಪ್ರಿಂಗನ್ನೂ ಒಮ್ಮೆ ನೋಡಿ. ಎತ್ತರದವರ ತೂಕವೂ ಸಾಮಾನ್ಯವಾಗಿ ಹೆಚ್ಚು. ಹಿಂದಿನ ಚಕ್ರ ನೆಲ ಬಿಟ್ಟು ತೂಗುವಂತೆ ಬೈಕನ್ನು ವಾಲಿಸಿ, ಚಕ್ರದ ಅಚ್ಚಿನಿಂದ ಮೇಲಿನ ಒಂದು ಗುರುತಿಗೆ ಅಳೆಸಿ. ನೀವು ಹೆಲ್ಮೆಟ್, ಬೂಟು ಸಮೇತ ಕುಳಿತ ಮೇಲೆ ಮತ್ತೆ ಅಳೆಸಿ. ವ್ಯತ್ಯಾಸವು ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಚಲನೆಯ ಮೂರನೇ ಒಂದು ಭಾಗದ ಆಸುಪಾಸು ಇರಬೇಕು. ಎಕ್ಸ್‌ಪಲ್ಸ್ 200ರ ಹಿಂದಿನ ಚಲನೆ 170 ಮಿ.ಮೀ., ಅಂದರೆ 50ರಿಂದ 57 ಮಿ.ಮೀ. ಅದಕ್ಕಿಂತ ಹೆಚ್ಚು ಕುಸಿದರೆ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಆರಂಭದ ಬಿಗಿತ, ಹೆಚ್ಚಿಸಿ.

ಇಷ್ಟೆಲ್ಲವನ್ನೂ ಒಂದೇ ದಿನ ಮಾಡಿಸಬೇಡಿ. ಒಂದು ಬದಲಾವಣೆ, ಅದಾದ ಮೇಲೆ ಅದೇ ದಾರಿಯಲ್ಲಿ ಒಂದು ವಾರ. ಪರೀಕ್ಷೆಗೆ ತೋಟದ ದಾರಿಯೇ ಸಾಕು. ಹೊಸ ಹ್ಯಾಂಡಲಿನ ಹುರುಪಿನಲ್ಲಿ ಕಾಯ್ದಿಟ್ಟ ಅರಣ್ಯದೊಳಗೆ, ಕಾಳಿ ಹುಲಿ ಮೀಸಲಿನ ಜಾಡುಗಳಲ್ಲಿ ಅನುಮತಿಯಿಲ್ಲದೆ ನುಗ್ಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನೂರು ಕಿಲೋಮೀಟರ್ ಆದಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಸಿ ನೋಡುವುದು ಕಡ್ಡಾಯ.

ಇನ್ನು ಹತ್ತುವ ಕಷ್ಟ. ಸೀಟು ಎತ್ತರಿಸಿದ ಮೇಲೆ ಇದು ಹೆಚ್ಚುತ್ತದೆ, ಮುಚ್ಚಿಡುವುದಿಲ್ಲ. ಎಡ ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಕುದುರೆ ಏರುವಂತೆ ಏರುವವರಿದ್ದಾರೆ; ಆಗ ಇಡೀ ಭಾರ ಸೈಡ್ ಸ್ಟ್ಯಾಂಡಿನ ಮೇಲೆ ಬೀಳುತ್ತದೆ. ಪಾಚಿಗಟ್ಟಿದ ಅಂಗಳದಲ್ಲಿ, ಮಳೆಗೆ ನೆನೆದ ಮಣ್ಣಿನಲ್ಲಿ ಅದು ಹೂತು ಬೈಕ್ ನಿಮ್ಮ ಮೇಲೆಯೇ ಮಗುಚಬಹುದು. ಸೈಡ್ ಸ್ಟ್ಯಾಂಡಿನ ಪಾದಕ್ಕೆ ಅಗಲದ ತಗಡು ಬೆಸೆಸಿ, ಆದರೂ ಪೂರ್ತಿ ಮೈಭಾರ ಅದಕ್ಕೆ ಕೊಡಬೇಡಿ. ಹಿಂದಿನ ಸೀಟಿನ ಮೇಲೆ ಹಿಂಡಿಯ ಚೀಲ ಕಟ್ಟಿಕೊಂಡು ಆಮೇಲೆ ಕಾಲು ಎತ್ತುವುದು ಇನ್ನೂ ಕಷ್ಟ. ಸಾಮಾನನ್ನು ಎರಡೂ ಪಕ್ಕದ ಚೀಲಗಳಿಗೆ ಇಳಿಸಿ. ಮನೆಯಲ್ಲಿ ಜಗುಲಿಯ ಪಕ್ಕಕ್ಕೆ, ಬೈಕಿನ ಎಡಬದಿ ಜಗುಲಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿಕೊಳ್ಳಿ. ಮುಂದಿನ ಬ್ರೇಕ್ ಹಿಡಿದು, ಮೆಟ್ಟಿಲ ಮೇಲೆ ನಿಂತೇ ಬಲಗಾಲನ್ನು ಆಚೆ ಹಾಕಿ. ತೋಟದಲ್ಲಿ ಅಗಳದ ದಿಬ್ಬವೋ ಕಡಿದ ಮರದ ಬೊಡ್ಡೆಯೋ ಆ ಕೆಲಸಕ್ಕೆ ಆಗುತ್ತದೆ.